30 ಸೆಕೆಂಡಿನಲ್ಲಿ ಒಂದು ಭಂಗಿ: ಟೈಮರ್ ಇಟ್ಟು ಚಿತ್ರ ಬಿಡಿಸುವ ಅಭ್ಯಾಸ ಯಾಕೆ, ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣ ಬದಲಾವಣೆ ಮಾಡಲಾಗಿದೆ.)

ಪರದೆಯ ಮೇಲೆ ಒಂದು ಫೋಟೊ ಬರುತ್ತೆ. ಯಾರೋ ಒಬ್ಬರು ಬಗ್ಗಿ ಚಪ್ಪಲಿ ಹಾಕಿಕೊಳ್ತಾ ಇದ್ದಾರೆ. ನೀವು ಪೆನ್ಸಿಲ್ ಹಿಡಿದು ಬರೆಯೋಕೆ ಶುರು ಮಾಡ್ತೀರಿ. ತಲೆ ಆಯ್ತು, ಬೆನ್ನು ಆಯ್ತು, ಇನ್ನೇನು ಕಾಲಿಗೆ ಬರಬೇಕು, ಅಷ್ಟರಲ್ಲಿ ಫೋಟೊ ಮಾಯ. ಅದರ ಜಾಗದಲ್ಲಿ ಇನ್ನೊಬ್ಬರು ಕೈ ಎತ್ತಿ ನಿಂತಿದ್ದಾರೆ. ಹಿಂದಿನದು ಅರ್ಧಕ್ಕೇ ನಿಂತಿತು, ವಾಪಸ್ ಬರೋದಿಲ್ಲ. ಒಂದೊಂದು ಫೋಟೊಗೆ ಸಿಗೋದು 30 ಸೆಕೆಂಡು ಮಾತ್ರ.

ಇದಕ್ಕೆ ಜೆಸ್ಚರ್ ಡ್ರಾಯಿಂಗ್ ಅಂತ ಹೆಸರು. ಮನುಷ್ಯನ ಮೈ ಯಾವ ಭಂಗಿಯಲ್ಲಿದೆ, ಯಾವ ಕಡೆ ವಾಲಿದೆ, ಏನು ಮಾಡ್ತಾ ಇದೆ ಅನ್ನೋದನ್ನು ಕೆಲವೇ ಗೆರೆಗಳಲ್ಲಿ ಹಿಡಿಯುವ ಅಭ್ಯಾಸ. ಫೋಟೊ ತೋರಿಸಿ, ಸಮಯ ಎಣಿಸಿ, ತಾನೇ ಮುಂದಿನದಕ್ಕೆ ಹೋಗುವ ಸಾಫ್ಟ್‌ವೇರ್‌ಗಳು ಈಗ ಬೇಕಾದಷ್ಟಿವೆ. ಇಂಥ ಸಾಫ್ಟ್‌ವೇರ್ ಬಳಸಿ ಮನೆಯಲ್ಲೇ ಅಭ್ಯಾಸ ಮಾಡೋದು ಹೇಗೆ, ಅದರಿಂದ ಏನು ಸಿಗುತ್ತೆ, ಏನು ಸಿಗಲ್ಲ, ಇದು ಇವತ್ತಿನ ವಿಷಯ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಟೈಮರ್ ಇರೋದು ನಿಮ್ಮ ಕೈ ವೇಗವಾಗಲಿ ಅಂತ ಅಲ್ಲ. ಯಾವುದನ್ನು ಬಿಡಬೇಕು ಅಂತ ನೀವು ತೀರ್ಮಾನ ಮಾಡಲಿ ಅಂತ. ಇವತ್ತು ನಾನು ಹೇಳೋದೆಲ್ಲ ಈ ಒಂದು ಮಾತಿನ ಸುತ್ತಲೇ.

ಮಾಡೆಲ್ ಇಲ್ಲದ ಊರಿನಲ್ಲಿ

ಈ ವಿಷಯ ತಲೆಗೆ ಬಂದಿದ್ದು ನಮ್ಮ ಅಕ್ಕನ ಮಗನಿಂದ. ರಾಣೆಬೆನ್ನೂರಿನಲ್ಲಿ ಎರಡನೇ ಪಿಯುಸಿ ಓದ್ತಾ ಇದ್ದಾನೆ. ಅನಿಮೇಷನ್ ಕಲಿಯಬೇಕು ಅಂತ ಆಸೆ. ಭಾವನವರದು ಬಟ್ಟೆ ಅಂಗಡಿ. ‘ಒಂದು ವರ್ಷ ನೋಡೋಣು, ಆಗಲಿಲ್ಲಂದ್ರ ಬಿ.ಕಾಂ. ಸೇರು’ ಅಂತ ಹೇಳಿದ್ದಾರೆ. ಅವರ ಮಾತಲ್ಲೂ ನ್ಯಾಯ ಇದೆ. ಬೆಂಗಳೂರಿಗೆ ಕಳಿಸಿ, ರೂಮು ಮಾಡಿಕೊಟ್ಟು, ಕೋಚಿಂಗ್ ಕೊಡಿಸೋದು ಎಲ್ಲ ಮನೆಗೂ ಆಗುವ ಕೆಲಸ ಅಲ್ಲ.

ಆದರೆ ಅನಿಮೇಷನ್ ಅಥವಾ ಚಿತ್ರಕಲೆಯ ಒಳ್ಳೆ ಕೋರ್ಸುಗಳಿಗೆ ಹೋದಾಗ, ನೀವು ಮನುಷ್ಯರನ್ನು ನೋಡಿ ಬರೆದ ಚಿತ್ರ ತೋರಿಸಿ ಅಂತ ಕೇಳ್ತಾರೆ. ಸಿನಿಮಾ ನಟರ ಮುಖವನ್ನು ಪೆನ್ಸಿಲ್ ಶೇಡಿಂಗ್‌ನಲ್ಲಿ ನಾಲ್ಕು ದಿನ ಕೂತು ಬರೆದದ್ದು ಅಲ್ಲಿ ಅಷ್ಟೇನೂ ಲೆಕ್ಕಕ್ಕೆ ಬರಲ್ಲ. ಓಡುವವರು, ಎತ್ತುವವರು, ಕೂತು ತೂಕಡಿಸುವವರು ಬೇಕು. ದೊಡ್ಡ ಊರಿನ ಕಲಾಶಾಲೆಯಲ್ಲಿ ಇದಕ್ಕಾಗಿ ಮಾಡೆಲ್ ಒಬ್ಬರು ಬಂದು ನಿಲ್ತಾರೆ. ಸುತ್ತ ಕೂತು ಹತ್ತಾರು ಜನ ಬರೀತಾರೆ. ಸಣ್ಣ ಊರಿನ ಹುಡುಗನಿಗೆ ಆ ಕೋಣೆ ಇಲ್ಲ. ಈ ಸಾಫ್ಟ್‌ವೇರ್‌ಗಳು ಆ ಕೋಣೆಯ ಒಂದು ಭಾಗವನ್ನಾದರೂ ಅವನ ಮೊಬೈಲಿಗೆ ತಂದುಕೊಡುತ್ತವೆ. ಎಷ್ಟು ಭಾಗ, ಯಾವ ಭಾಗ ಅನ್ನೋದು ಮಾತ್ರ ನಮಗೆ ಸ್ಪಷ್ಟವಾಗಿರಬೇಕು.

ಇದು ಮೊಬೈಲ್ ಕಾಲದ್ದಲ್ಲ

ಸಾಫ್ಟ್‌ವೇರ್ ಹೊಸದು, ಅಭ್ಯಾಸ ಹಳೆಯದು. ಫ್ರಾನ್ಸಿನ ಚಿತ್ರಕಾರ ಡೆಲಕ್ರೊವಾ ಬಗ್ಗೆ ಕವಿ ಬೋದಿಲೇರ್ ಹೇಳಿದ ಒಂದು ಕಥೆ ಇದೆ. ನಾಲ್ಕನೇ ಮಹಡಿಯಿಂದ ಒಬ್ಬ ಬೀಳ್ತಾ ಇದ್ದರೆ, ಅವನು ನೆಲ ಮುಟ್ಟುವುದರೊಳಗೆ ಅವನನ್ನು ಬರೆಯಲಾಗದವನು ದೊಡ್ಡ ಚಿತ್ರ ಬರೆಯಲಾರ ಅಂತ ಡೆಲಕ್ರೊವಾ ಹೇಳಿದ್ದರಂತೆ. ಲೆಕ್ಕ ಹಾಕಿದರೆ 15 ಮೀಟರ್ ಬೀಳೋಕೆ ಎರಡು ಸೆಕೆಂಡೂ ಬೇಡ. ಮಾತು ಅತಿಯಾಯಿತು, ನಿಜ. ಆದರೆ ಅದರ ಅರ್ಥ ಇಷ್ಟೇ: ಬೀಳುವ ಮನುಷ್ಯನ ಅಂಗಿಯ ಗುಂಡಿ ಮುಖ್ಯ ಅಲ್ಲ, ಬೀಳೋದೇ ಮುಖ್ಯ.

ಇದನ್ನು ಪಾಠವಾಗಿ ಕಟ್ಟಿದವರಲ್ಲಿ ಮುಖ್ಯವಾದವರು ಕಿಮೊನ್ ನಿಕೊಲೈಡಿಸ್. ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಮೇಷ್ಟ್ರಾಗಿದ್ದರು. ಅವರು ತೀರಿಕೊಂಡ ಮೇಲೆ, 1941ರಲ್ಲಿ, ‘ದಿ ನ್ಯಾಚುರಲ್ ವೇ ಟು ಡ್ರಾ’ ಅನ್ನುವ ಪುಸ್ತಕ ಬಂತು. ಏನನ್ನು ಎಷ್ಟು ಹೊತ್ತು ಅಭ್ಯಾಸ ಮಾಡಬೇಕು ಅಂತ ವೇಳಾಪಟ್ಟಿ ಹಾಕಿಕೊಟ್ಟ ಪುಸ್ತಕ ಅದು. ವಸ್ತುವಿನ ಆಕಾರಕ್ಕಿಂತ ಮೊದಲು ಅದರ ಕ್ರಿಯೆಯನ್ನು ನೋಡಬೇಕು ಅನ್ನೋದು ಅವರ ಪಾಠದ ಸಾರ.

ಇತ್ತ ಡಿಸ್ನಿ ಸ್ಟುಡಿಯೊದಲ್ಲಿ 1932ರಿಂದ ಡಾನ್ ಗ್ರಹಾಂ ಅನ್ನುವ ಮೇಷ್ಟ್ರು ಅಲ್ಲಿನ ಕಲಾವಿದರಿಗೆ ಸಂಜೆ ಹೊತ್ತು ಮಾಡೆಲ್ ನಿಲ್ಲಿಸಿ ತರಗತಿ ಮಾಡ್ತಿದ್ದರು. ಐದು ವರ್ಷದ ಮೇಲೆ ‘ಸ್ನೋ ವೈಟ್’ ಬಂತು. ಅನಿಮೇಷನ್‌ನವರಿಗೆ ಈ ಅಭ್ಯಾಸ ಯಾಕೆ ಬೇಕು ಅನ್ನೋದು ಸುಲಭವಾಗಿ ಅರ್ಥ ಆಗುತ್ತೆ. ಒಂದು ಸೆಕೆಂಡಿನ ಸಿನಿಮಾಗೆ 24 ಫ್ರೇಮ್. ಅಷ್ಟು ಬೇಗ ಓಡುವ ಚಿತ್ರದಲ್ಲಿ ನೋಡುವವನ ಕಣ್ಣಿಗೆ ಮೊದಲು ಸಿಗೋದು ಭಂಗಿ. ಮೂಗು, ಕಿವಿ ಆಮೇಲೆ.

ನಮ್ಮಲ್ಲೂ ಇದಕ್ಕೆ ಹತ್ತಿರದ ದಾರಿ ಹಿಡಿದವರಿದ್ದಾರೆ. ಉಡುಪಿ ಹತ್ತಿರದ ಕಟ್ಟಿಂಗೇರಿಯವರು, ಕೆ.ಕೆ. ಹೆಬ್ಬಾರ್. ಅವರ ನರ್ತಕಿಯರ ರೇಖಾಚಿತ್ರ ನೋಡಿ. ಕೆಲವದರಲ್ಲಿ ಗೆರೆಗಳನ್ನು ಬೆರಳಲ್ಲಿ ಎಣಿಸಬಹುದು. ಮುಖ ಸರಿಯಾಗಿ ಇರೋದೇ ಇಲ್ಲ, ಆದರೆ ಕುಣಿತ ಇದೆ. ಲಯ ಏನು ಅಂತ ತಿಳಿಯೋಕೆ ಹೆಬ್ಬಾರರು ಕಥಕ್ ನೃತ್ಯವನ್ನೇ ಕಲಿತಿದ್ದರು.

ಸಾಫ್ಟ್‌ವೇರ್ ಮಾಡುವ ಎರಡೇ ಕೆಲಸ

ಈಗ ಸಾಫ್ಟ್‌ವೇರಿಗೆ ಬರೋಣ. ಲೈನ್ ಆಫ್ ಆಕ್ಷನ್, ಕ್ವಿಕ್‌ಪೋಸಸ್ ಅನ್ನುವ ವೆಬ್‌ಸೈಟುಗಳಿವೆ. ಅಲ್ಲಿ ಫೋಟೊಗಳ ದೊಡ್ಡ ಸಂಗ್ರಹ ಇರುತ್ತೆ. ಎಷ್ಟು ಸೆಕೆಂಡು ಬೇಕು ಅಂತ ಆರಿಸಿಕೊಂಡರೆ ಸಾಕು. ಜಪಾನಿನವರ ಪೋಸ್‌ಮ್ಯಾನಿಯಾಕ್ಸ್ ಇದೆ. ಅದರಲ್ಲಿ ಫೋಟೊ ಬದಲು ಮೂರು ಆಯಾಮದ ಗೊಂಬೆಗಳು. ಚರ್ಮ ತೆಗೆದ ಹಾಗೆ, ಒಳಗಿನ ಸ್ನಾಯುಗಳು ಕಾಣುವಂತೆ ಮಾಡಿದ ಗೊಂಬೆಗಳು. ಮೊದಲ ಸಲ ನೋಡಿದವರಿಗೆ ಸ್ವಲ್ಪ ಮುಜುಗರ ಆಗಬಹುದು, ಕಲಿಯುವವರಿಗೆ ಉಪಯೋಗ ಇದೆ.

ಇವುಗಳ ಒಳಗೆ ದೊಡ್ಡ ತಂತ್ರಜ್ಞಾನ ಏನೂ ಇಲ್ಲ. ಒಂದು ಫೋಟೊ ಪಟ್ಟಿ, ಒಂದು ಗಡಿಯಾರ. ಆದರೆ ಈ ಎರಡು ಸೇರಿ ನಿಮ್ಮಿಂದ ಎರಡು ಸ್ವಾತಂತ್ರ್ಯ ಕಿತ್ತುಕೊಳ್ಳುತ್ತವೆ. ಒಂದು, ಯಾವ ಚಿತ್ರ ಬರೆಯಬೇಕು ಅಂತ ಆರಿಸುವ ಸ್ವಾತಂತ್ರ್ಯ. ಎರಡು, ಒಂದರ ಮೇಲೇ ಕೂತು ತಿದ್ದುತ್ತಾ ಇರುವ ಸ್ವಾತಂತ್ರ್ಯ.

ಮೊದಲನೆಯದನ್ನು ನೋಡಿ. ನಾವೇ ಫೋಟೊ ಆರಿಸಿದರೆ ನಮಗೆ ಬರುವಂಥದ್ದನ್ನೇ ಆರಿಸ್ತೀವಿ. ನೇರ ನಿಂತವರು, ಎದುರು ಮುಖ, ಕೈ ಜೇಬಲ್ಲಿ ಇದ್ದರಂತೂ ಇನ್ನೂ ಒಳ್ಳೇದು, ಬೆರಳು ಬರೆಯೋದು ತಪ್ಪಿತು. ಹಿಂದಿನಿಂದ ತೆಗೆದದ್ದು, ಮಂಡಿ ನಮ್ಮ ಕಡೆಗೇ ಚಾಚಿ ಕೂತದ್ದು, ಇವೆಲ್ಲ ಕೈಗೆ ಬರೋದೇ ಇಲ್ಲ. ಸಾಫ್ಟ್‌ವೇರಿಗೆ ನಿಮ್ಮ ಮೇಲೆ ಕರುಣೆ ಇಲ್ಲ. ಬಂದದ್ದನ್ನು ಬರೆಯಲೇಬೇಕು.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳ್ತೀನಿ. ಒಳ್ಳೆ ಸಾಫ್ಟ್‌ವೇರ್ ಫೋಟೊ ಪಟ್ಟಿಯನ್ನು ಇಸ್ಪೀಟ್ ಎಲೆ ಕಲಸಿದ ಹಾಗೆ ಒಮ್ಮೆ ಕಲಸಿ, ಮೇಲಿಂದ ಒಂದೊಂದೇ ಕೊಡುತ್ತೆ. ಆಗ ಬಂದದ್ದು ಮತ್ತೆ ಬರಲ್ಲ. ಹಾಗೆ ಮಾಡದೆ ಪ್ರತಿ ಸಲ 100 ಫೋಟೊಗಳಿಂದ ಯಾವುದೋ ಒಂದನ್ನು ಎತ್ತುತ್ತಾ ಹೋದರೆ, 20 ಫೋಟೊ ಆಗುವಷ್ಟರಲ್ಲಿ ಯಾವುದಾದರೂ ಒಂದು ಎರಡನೇ ಸಲ ಬರುವ ಸಾಧ್ಯತೆ ಶೇ 87. ನೀವೇ ಪ್ರೋಗ್ರಾಂ ಬರೆಯೋದಾದರೆ ಇದು ನೆನಪಿರಲಿ. ಕೋಡಿಂಗ್ ಕಲಿಯುವ ಮಕ್ಕಳಿಗೆ ಇದು ಒಳ್ಳೆ ಸಣ್ಣ ಪ್ರಾಜೆಕ್ಟ್ ಕೂಡ ಹೌದು. ಪಟ್ಟಿ ಮಾಡು, ಕಲಸು, ತೋರಿಸು, ಕಾಯಿ, ಮುಂದಕ್ಕೆ ಹೋಗು. ಅಷ್ಟೇ.

ಎರಡನೆಯದು ಇನ್ನೂ ಮುಖ್ಯ. ಫೋಟೊ ಹೋಗುತ್ತೆ ಅಂತ ಗೊತ್ತಿದ್ದಾಗ ನಾವು ನೋಡುವ ರೀತಿಯೇ ಬದಲಾಗುತ್ತೆ. ಅಕ್ಕನ ಮಗ ಮೊದಲ ದಿನ ಫೋನ್ ಮಾಡಿ, ‘ಮಾಮಾ, ಮೂಗು ಮುಗಿಸೋದ್ರಾಗ ಫೋಟೊ ಹೋಗಿಬಿಡತೈತಿ’ ಅಂದ. ‘ಹಂಗಾದ್ರೆ ಮೂಗು ಬಿಡು’ ಅಂದೆ. ‘ಮೂಗು ಬಿಟ್ರ ಮನುಷ್ಯಾ ಹೆಂಗ ಆಗ್ತಾನ?’ ಅಂತ ಕೇಳಿದ. ಒಳ್ಳೆ ಪ್ರಶ್ನೆ. ಇದಕ್ಕೆ ಉತ್ತರ ನೀವೇ ಕಂಡುಕೊಳ್ಳಬಹುದು.

ಈಗಲೇ ಒಂದು ಪರೀಕ್ಷೆ

ಪೆನ್ನು ತಗೊಳ್ಳಿ. ಯಾವುದಾದರೂ ಹಳೆ ಕಾಗದ, ಕರೆಂಟ್ ಬಿಲ್ಲಿನ ಹಿಂಬದಿ ಆದರೂ ನಡೆಯುತ್ತೆ. ನಿಮ್ಮ ಎದುರಿಗೆ ಯಾರಿದ್ದಾರೋ ಅವರನ್ನೇ ಬರೀರಿ. ಯಾರೂ ಇಲ್ಲ ಅಂದ್ರೆ ಟಿವಿ, ಪೇಪರಿನ ಫೋಟೊ, ಏನಾದರೂ ಸರಿ. ಗಾಡಿ ಓಡಿಸ್ತಾ ಕೇಳ್ತಾ ಇರೋರು ದಯವಿಟ್ಟು ಈ ಕೆಲಸ ಮಾಡಬೇಡಿ. ನಾನು 30 ಸೆಕೆಂಡು ಸುಮ್ಮನಿರ್ತೀನಿ. ಶುರು.

[30 ಸೆಕೆಂಡು ಮೌನ]

ಆಯ್ತು, ಪೆನ್ನು ಕೆಳಗಿಡಿ. ಎಲ್ಲಿಂದ ಶುರು ಮಾಡಿದಿರಿ ನೋಡಿ. ತಲೆಯಿಂದ ಶುರು ಮಾಡಿ, ಕಣ್ಣು ಮೂಗಿನ ಹತ್ತಿರ ಸಮಯ ಕಳೆದು, ಎದೆ ಮಟ್ಟಕ್ಕೆ ಬರುವಷ್ಟರಲ್ಲಿ ಸಮಯ ಮುಗಿದಿದ್ದರೆ ಬೇಜಾರು ಬೇಡ. ಹೊಸಬರ ಕೈ ಸಾಮಾನ್ಯವಾಗಿ ಹೋಗೋದೇ ಹಾಗೆ. ಮುಖ ನೋಡೋದು ನಮ್ಮ ಹುಟ್ಟುಗುಣ. ಆದರೆ ದೂರದಲ್ಲಿ, ಬೆನ್ನು ಹಾಕಿ ನಡೆದು ಹೋಗ್ತಾ ಇರುವ ಅಪ್ಪನನ್ನೋ ಗೆಳತಿಯನ್ನೋ ನೀವು ಗುರುತಿಸ್ತೀರಲ್ವಾ? ಮುಖ ಕಾಣಲ್ಲ. ಬಟ್ಟೆ ಬಣ್ಣವೂ ಸರಿಯಾಗಿ ತಿಳಿಯಲ್ಲ. ನಡಿಗೆಯಿಂದ, ಭುಜ ಇಳಿಬಿಟ್ಟ ರೀತಿಯಿಂದ ಗುರುತಿಸ್ತೀರಿ. ಮೂಗು ಬಿಟ್ಟರೂ ಮನುಷ್ಯ ಆಗ್ತಾನೆ, ಆ ಮನುಷ್ಯನೇ ಆಗ್ತಾನೆ. ಜೆಸ್ಚರ್ ಡ್ರಾಯಿಂಗ್ ಹಿಡಿಯೋದು ಅದನ್ನೇ.

ಕನ್ನಡದಲ್ಲಿ ನಾವು ಚಿತ್ರ ‘ಬಿಡಿಸ್ತೀವಿ’ ಅಂತೀವಿ. ಗಂಟು ಬಿಡಿಸೋದು, ಒಗಟು ಬಿಡಿಸೋದು, ಬಟಾಣಿ ಬಿಡಿಸೋದು, ಎಲ್ಲಕ್ಕೂ ಅದೇ ಮಾತು. ಕಣ್ಣೆದುರು ನೂರು ವಿವರ ಒಟ್ಟಿಗೆ ಕಗ್ಗಂಟಾಗಿ ನಿಂತಿರುತ್ತೆ. ಅದರೊಳಗಿಂದ ಒಂದು ಎಳೆ ಎಳೆದು ತೆಗೆಯಬೇಕು. ಸಿಪ್ಪೆ ಬಿಡಬೇಕು, ಕಾಳು ಇಟ್ಟುಕೊಳ್ಳಬೇಕು.

ಏನನ್ನು ನೋಡಬೇಕು?

ಒಂದು ಉದಾಹರಣೆ ತಗೊಳ್ಳೋಣ. ಎಡ ಸೊಂಟದ ಮೇಲೆ ನೀರು ತುಂಬಿದ ಬಿಂದಿಗೆ ಇಟ್ಟುಕೊಂಡು ಒಬ್ಬ ಹೆಂಗಸು ನಿಂತಿದ್ದಾರೆ ಅನ್ಕೊಳ್ಳಿ. ಹತ್ತು ಲೀಟರ್ ಹಿಡಿಯುವ ಬಿಂದಿಗೆ ಅಂದ್ರೆ ನೀರೇ ಹತ್ತು ಕೆ.ಜಿ. ಅಷ್ಟು ತೂಕ ಎಡಕ್ಕೆ ಬಿದ್ದಾಗ ಮೈ ಸುಮ್ಮನೆ ನೆಟ್ಟಗೆ ನಿಲ್ಲೋಕೆ ಆಗಲ್ಲ. ಸೊಂಟ ಎಡಕ್ಕೆ ಚಾಚುತ್ತೆ, ಎದೆ ಬಲಕ್ಕೆ ವಾಲುತ್ತೆ, ಬಲಗೈ ಸ್ವಲ್ಪ ಹೊರಗೆ ಹೋಗಿ ಸಮತೋಲ ಮಾಡುತ್ತೆ. ತಲೆಯಿಂದ ಪಾದದವರೆಗೆ ಒಂದು ಉದ್ದ ಬಾಗು. ಚಿತ್ರ ಕಲಿಸುವವರು ಇದಕ್ಕೆ ‘ಲೈನ್ ಆಫ್ ಆಕ್ಷನ್’ ಅಂತಾರೆ. ಮೊದಲು ಬರಬೇಕಾದ್ದು ಈ ಒಂದೇ ಗೆರೆ. ಸಾಧ್ಯವಾದರೆ ಮೊದಲ ಐದು ಸೆಕೆಂಡಿನಲ್ಲಿ.

ಬೇಲೂರಿನ ಚೆನ್ನಕೇಶವ ದೇವಸ್ಥಾನದ ಮದನಿಕೆಯರನ್ನು ನೋಡಿದವರಿಗೆ ಇದು ಹೊಸದಲ್ಲ. ಕತ್ತು, ಸೊಂಟ, ಮಂಡಿ ಮೂರು ಕಡೆ ಬಾಗಿರುವ ತ್ರಿಭಂಗ ಅಂದ್ರೆ ಇದೇ. ಆಭರಣದ ಅಷ್ಟೊಂದು ಕುಸುರಿಯ ಕೆಳಗೆ ಆ ಬಾಗು ಇರೋದಕ್ಕೇ ಕಲ್ಲು ಕುಣಿದ ಹಾಗೆ ಕಾಣುತ್ತೆ.

ಎರಡನೆಯದು ತೂಕ. ಒಂಟಿ ಕಾಲಿನ ಮೇಲೆ ಭಾರ ಹಾಕಿ ಸುಮ್ಮನೆ ನಿಂತವರನ್ನು ಎದುರಿನಿಂದ ನೋಡಿ. ಭಾರ ಬಿದ್ದ ಕಡೆಯ ಸೊಂಟ ಮೇಲೆ ಏರಿರುತ್ತೆ, ಅದೇ ಕಡೆಯ ಭುಜ ಸಾಮಾನ್ಯವಾಗಿ ಇಳಿದಿರುತ್ತೆ. ಕತ್ತಿನ ಗುಳಿಯಿಂದ ಗಾರೆಯವರು ತೂಗುಗುಂಡು ಬಿಟ್ಟ ಹಾಗೆ ಒಂದು ನೇರ ಗೆರೆ ಎಳೆದರೆ ಅದು ಭಾರ ಹೊತ್ತ ಪಾದದ ಹತ್ತಿರಕ್ಕೇ ಬರುತ್ತೆ. ಬರದೆ ಇದ್ದರೆ ಆ ಮನುಷ್ಯ ನಡೀತಾ ಇದ್ದಾನೆ, ಯಾವುದಕ್ಕೋ ಒರಗಿದ್ದಾನೆ, ಇಲ್ಲವೇ ಬೀಳ್ತಾ ಇದ್ದಾನೆ. ನಿಮ್ಮ ಚಿತ್ರದಲ್ಲಿ ನಿಂತವನು ಬೀಳುವವನ ಹಾಗೆ ಕಂಡರೆ ಮೊದಲು ನೋಡಬೇಕಾದ್ದು ಇಲ್ಲಿ.

ಮೂರನೆಯದು ಭುಜದ ಗೆರೆ ಮತ್ತು ಸೊಂಟದ ಗೆರೆ. ಇವೆರಡೂ ಸಮಾನಾಂತರವಾಗಿವೆಯಾ, ಓರೆಯಾಗಿವೆಯಾ? ಒಂದು ಕಡೆ ಹತ್ತಿರ ಬಂದರೆ ಅಲ್ಲಿ ಮೈ ಒತ್ತಿದೆ, ಮಡಿಕೆ ಬಿದ್ದಿದೆ. ಇನ್ನೊಂದು ಕಡೆ ಹಿಗ್ಗಿದೆ. ಒತ್ತಿದ ಕಡೆ, ಹಿಗ್ಗಿದ ಕಡೆ, ಇದಿಷ್ಟು ತೋರಿಸಿದರೆ ಚಿತ್ರಕ್ಕೆ ಅರ್ಧ ಜೀವ ಬಂದ ಹಾಗೆ.

ಅರ್ಧ ಗಂಟೆಯ ಪಾಠ

ಎಷ್ಟು ಹೊತ್ತು ಮಾಡಬೇಕು? ಬಹಳ ಕಡೆ ಬಳಕೆಯಲ್ಲಿರುವ ಒಂದು ಕ್ರಮ ಹೇಳ್ತೀನಿ, ಬರೆದುಕೊಳ್ಳಿ. 30 ಸೆಕೆಂಡಿನವು 10, ಅಲ್ಲಿಗೆ 5 ನಿಮಿಷ. 1 ನಿಮಿಷದವು 5, ಇನ್ನೊಂದು 5 ನಿಮಿಷ. 5 ನಿಮಿಷದವು 2, ಅದು 10 ನಿಮಿಷ. ಕೊನೆಗೆ 10 ನಿಮಿಷದ್ದು ಒಂದು. ಒಟ್ಟು 30 ನಿಮಿಷ, 18 ಭಂಗಿ. ಇಂಥ ಕ್ರಮವನ್ನು ತಾನೇ ನಡೆಸಿಕೊಡುವ ‘ಕ್ಲಾಸ್’ ಆಯ್ಕೆ ಲೈನ್ ಆಫ್ ಆಕ್ಷನ್‌ನಲ್ಲಿದೆ. ಅಷ್ಟು ಸಮಯ ಇಲ್ಲದವರು 30 ಸೆಕೆಂಡಿನ 10, 1 ನಿಮಿಷದ 5, 5 ನಿಮಿಷದ ಒಂದು, ಹೀಗೆ 15 ನಿಮಿಷದಲ್ಲಿ ಮುಗಿಸಬಹುದು.

ಒಂದೊಂದು ಅವಧಿಗೂ ಒಂದೊಂದು ಕೆಲಸ ಇಟ್ಟುಕೊಳ್ಳಿ. 30 ಸೆಕೆಂಡಿನಲ್ಲಿ ಉದ್ದ ಬಾಗು, ಭುಜ ಮತ್ತು ಸೊಂಟದ ಓರೆ, ಪಾದ ನೆಲ ಮುಟ್ಟಿದ ಜಾಗ, ಇಷ್ಟೇ. ಒಂದು ನಿಮಿಷದಲ್ಲಿ ಎದೆಗೂಡು ಮತ್ತು ಸೊಂಟವನ್ನು ಎರಡು ಡಬ್ಬಗಳ ಹಾಗೆ ಯೋಚಿಸಿ, ಯಾವುದು ಯಾವ ಕಡೆ ತಿರುಗಿದೆ ಅಂತ ಹಾಕಿ. ಐದು ನಿಮಿಷದಲ್ಲಿ ಕೈಕಾಲುಗಳ ದಪ್ಪ, ತಲೆಯ ಅಳತೆ. ಹತ್ತು ನಿಮಿಷದ್ದರಲ್ಲಿ ಬೇಕಿದ್ದರೆ ಮೂಗು ಬರೀರಿ. ಆಗ ಅದಕ್ಕೆ ಕೂರೋಕೆ ಜಾಗ ಇರುತ್ತೆ. ದೊಡ್ಡ ಚಿತ್ರದಲ್ಲೂ ಮೊದಲ 30 ಸೆಕೆಂಡಿನ ಕೆಲಸವನ್ನೇ ಮೊದಲು ಮಾಡಬೇಕು. ಉಳಿದದ್ದು ಅದರ ಮೇಲೆ ಬೆಳೆಯಬೇಕು.

ಸಮಯ ಮುಗಿಯುವ ಮೊದಲೇ ಚಿತ್ರ ಮುಗಿದರೆ ಪೆನ್ಸಿಲ್ ಎತ್ತಿ ನೋಡ್ತಾ ಇರಿ. ತಿದ್ದಬೇಕು ಅಂತ ಕೈ ತುರಿಸಿದರೂ ತಡೀರಿ. ನೋಡೋದೂ ಅಭ್ಯಾಸದ ಭಾಗವೇ.

ಸಲಕರಣೆ ಏನೂ ದುಬಾರಿ ಬೇಡ. ಬಾಲ್ ಪೆನ್ನು, ಒಂದು ಬದಿ ಪ್ರಿಂಟ್ ಆದ ಎ4 ಹಾಳೆಗಳ ಕಟ್ಟು ಸಾಕು. ರಬ್ಬರ್ ಪಕ್ಕದಲ್ಲಿ ಇಡಲೇಬೇಡಿ. ಟ್ಯಾಬ್ಲೆಟ್‌ನಲ್ಲಿ ಬರೆಯುವವರು ಅನ್‌ಡೂ ಒತ್ತಲ್ಲ ಅಂತ ತೀರ್ಮಾನ ಮಾಡಿಕೊಳ್ಳಿ. 30 ಸೆಕೆಂಡಿನಲ್ಲಿ ಮೂರು ಸಲ ಅನ್‌ಡೂ ಮಾಡಿದರೆ ನೋಡೋಕೆ ಸಮಯ ಎಲ್ಲಿ? ಚಿತ್ರ ಅಂಗೈಯಷ್ಟಾದರೂ ದೊಡ್ಡದಿರಲಿ, ಗೆರೆ ಬೆರಳಿನಿಂದ ಅಲ್ಲ, ಭುಜದಿಂದ ಬರಲಿ. ರಂಗೋಲಿಯ ಉದ್ದ ಗೆರೆ ಎಳೆಯುವಾಗ ಇಡೀ ಕೈ ಚಲಿಸುತ್ತಲ್ಲ, ಹಾಗೆ.

ಇಂಟರ್‌ನೆಟ್ ಇಲ್ಲದಿದ್ದರೆ?

ನೆಟ್‌ವರ್ಕ್ ಸರಿಯಿಲ್ಲ, ಡೇಟಾ ಖಾಲಿ ಅನ್ನುವವರು ನಿಮ್ಮದೇ ಫೋಟೊ ಸಂಗ್ರಹ ಮಾಡಿಕೊಳ್ಳಬಹುದು. ಮನೆಯವರಿಗೆ ಹೇಳಿ, ಅವರು ಕೆಲಸ ಮಾಡ್ತಾ ಇರುವಾಗ ತೆಗೆದ 50-60 ಫೋಟೊ ಒಂದು ಫೋಲ್ಡರಿಗೆ ಹಾಕಿ. ಹಿಟ್ಟು ನಾದೋದು, ಬಟ್ಟೆ ಒಣಹಾಕೋದು, ಬೈಕ್ ಸ್ಟ್ಯಾಂಡ್ ಹಾಕೋದು, ಮಗು ಎತ್ತಿಕೊಂಡಿರೋದು. ಮೊಬೈಲ್ ಹತ್ತಿರದಿಂದ ಹಿಡಿದರೆ ಮುಂದಿರುವ ಕೈ ದೊಡ್ಡದಾಗಿ, ಹಿಂದಿನ ಕಾಲು ಚಿಕ್ಕದಾಗಿ ಕಾಣುತ್ತೆ. ಅದಕ್ಕೇ ಮೂರು-ನಾಲ್ಕು ಮೀಟರ್ ದೂರ ನಿಂತು, ಎದೆಯ ಎತ್ತರದಿಂದ ತೆಗೀರಿ.

ಆ ಫೋಲ್ಡರನ್ನು ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿಗೆ ಹಾಕಿದರೆ ಅದು ಫೋಟೊಗಳನ್ನೂ ಒಂದಾದ ಮೇಲೊಂದು ತೋರಿಸುತ್ತೆ. ಶಫಲ್ ಒತ್ತಿದರೆ ಕ್ರಮ ಬದಲಾಗುತ್ತೆ. ಮೊದಲಿಗೆ ಒಂದೊಂದು ಫೋಟೊ 10 ಸೆಕೆಂಡು ಇರುತ್ತೆ, ಸೆಟಿಂಗ್ಸ್‌ನಲ್ಲಿ ಅದನ್ನು 30 ಮಾಡಿಕೊಳ್ಳಿ. ಲಿಬ್ರೆ ಆಫೀಸ್ ಇಂಪ್ರೆಸ್‌ನಲ್ಲೂ ಆಗುತ್ತೆ. ಫೋಟೊ ಆಲ್ಬಂ ಅನ್ನುವ ಆಯ್ಕೆಯಿಂದ ಎಲ್ಲವನ್ನೂ ಸ್ಲೈಡ್ ಮಾಡಿ, ಪ್ರತಿ ಸ್ಲೈಡ್ ಇಷ್ಟು ಸೆಕೆಂಡಿಗೆ ಮುಂದೆ ಹೋಗಲಿ ಅಂತ ಹೇಳಿದರಾಯ್ತು. ಎರಡೂ ಉಚಿತ.

ಇನ್ನೂ ಸುಲಭದ್ದು ಬೇಕಾ? ಕಬಡ್ಡಿ ಪಂದ್ಯದ ವಿಡಿಯೊ ಹಾಕಿ, ಕಣ್ಣು ಮುಚ್ಚಿ ಪಾಸ್ ಒತ್ತಿ. ನಿಂತ ಕಡೆ ಯಾರು ಹೇಗಿದ್ದಾರೋ ಅವರನ್ನು ಬರೀರಿ. ಕಬಡ್ಡಿಯಲ್ಲಿ ನೆಟ್ಟಗೆ ನಿಂತವರು ಸಿಗೋದೇ ಅಪರೂಪ.

ತಂದೆ ತಾಯಂದಿರಿಗೆ ಒಂದು ಮಾತು. ಈ ವೆಬ್‌ಸೈಟುಗಳು ಕಲಾಶಾಲೆಯ ಪದ್ಧತಿಯಂತೆ ಬಟ್ಟೆಯಿಲ್ಲದ ಮಾಡೆಲ್‌ಗಳ ಫೋಟೊಗಳನ್ನೂ ಇಟ್ಟಿರುತ್ತವೆ. ದೇಹರಚನೆ ಕಲಿಯೋಕೆ ಅದು ಬೇಕು, ಅದರಲ್ಲಿ ತಪ್ಪೇನಿಲ್ಲ. ಆದರೆ ಮಕ್ಕಳು ಬಳಸುವಾಗ ಬಟ್ಟೆ ಹಾಕಿದವರ ಫೋಟೊ ಮಾತ್ರ ಅನ್ನುವ ಆಯ್ಕೆ ಮೊದಲೇ ಮಾಡಿಕೊಡಿ. ಪ್ರಾಣಿಗಳು, ಕೈ-ಪಾದಗಳು, ಮುಖಭಾವ ಅನ್ನುವ ಬೇರೆ ವಿಭಾಗಗಳೂ ಇವೆ. ಚಿಕ್ಕವರು ಪ್ರಾಣಿಗಳಿಂದಲೇ ಶುರು ಮಾಡಬಹುದು.

ಸಾಫ್ಟ್‌ವೇರ್ ಹೇಳದ ಮಾತು

ಇಷ್ಟೆಲ್ಲ ಆದಮೇಲೆ ಒಂದು ಕೊರತೆ ಹೇಳಲೇಬೇಕು. ಈ ಸಾಫ್ಟ್‌ವೇರ್ ನಿಮ್ಮ ಚಿತ್ರ ನೋಡಲ್ಲ. ನೀವು ಬರೆದದ್ದು ಸರಿಯೋ ತಪ್ಪೋ ಅದಕ್ಕೆ ಗೊತ್ತಿಲ್ಲ. ತರಗತಿಯಲ್ಲಾದರೆ ಮೇಷ್ಟ್ರು ಹಿಂದೆ ಬಂದು ನಿಂತು ‘ಈ ಕಾಲಿನ ಮೇಲೆ ಭಾರವೇ ಇಲ್ಲವಲ್ಲಪ್ಪ’ ಅಂತಾರೆ. ಇಲ್ಲಿ ಆ ದನಿ ಇಲ್ಲ. ಅದೇ ತಪ್ಪನ್ನು ದಿನಾ 18 ಸಲ ಮಾಡಿ ಗಟ್ಟಿ ಮಾಡಿಕೊಳ್ಳುವ ಅಪಾಯ ಇದೆ.

ಇದಕ್ಕೆ ಉಪಾಯ, ಅಭ್ಯಾಸ ಮುಗಿದ ಮೇಲಿನ ಹತ್ತು ನಿಮಿಷ. ಎಲ್ಲ ಹಾಳೆ ನೆಲದ ಮೇಲೆ ಹರಡಿ. ನಿಂತು, ದೂರದಿಂದ ನೋಡಿ. ಮೂರನ್ನು ಆರಿಸಿ. ಚೆನ್ನಾಗಿರೋದನ್ನಲ್ಲ, ಎಲ್ಲೋ ಎಡವಿದ ಮೂರನ್ನು. ಮೊದಲು ಫೋಟೊ ನೋಡದೆ, ನೆನಪಿನಿಂದ ಇನ್ನೊಮ್ಮೆ ಬರೀರಿ. ಆಮೇಲೆ ಫೋಟೊ ತೆಗೆದು ಟೈಮರ್ ಇಲ್ಲದೆ ಹೋಲಿಸಿ. ಭುಜದ ಓರೆ ಎಷ್ಟಿತ್ತು, ನಾನು ಎಷ್ಟು ಹಾಕಿದೆ? ನಮ್ಮ ಕೈಗೆ ಎಲ್ಲವನ್ನೂ ನೆಟ್ಟಗೆ ಮಾಡುವ ಚಾಳಿ ಇದೆ. ವಾಲಿದವರನ್ನು ಸ್ವಲ್ಪ ಎತ್ತಿ ನಿಲ್ಲಿಸ್ತೀವಿ, ಬಾಗಿದ ಬೆನ್ನನ್ನು ನೇರ ಮಾಡ್ತೀವಿ. ನಿಮ್ಮ ಕೈಯ ಚಾಳಿ ಯಾವುದು ಅಂತ ಒಂದೆರಡು ವಾರದಲ್ಲಿ ನಿಮಗೇ ಕಾಣೋಕೆ ಶುರುವಾಗುತ್ತೆ. ಹಾಳೆಯ ಮೂಲೆಯಲ್ಲಿ ತಾರೀಖು ಹಾಕಿ, ‘ಇವತ್ತು ಕಂಡ ತಪ್ಪು’ ಅಂತ ಒಂದೇ ಸಾಲು ಬರೆದಿಡಿ. ಮರುದಿನ ಶುರು ಮಾಡುವ ಮೊದಲು ಅದನ್ನು ಓದಿ.

ಇನ್ನೊಂದು ಬಲೆ ಎಣಿಕೆ. ದಿನಕ್ಕೆ 18, ವಾರಕ್ಕೆ ಐದು ದಿನ ಅಂದ್ರೆ 90. ನಾಲ್ಕು ವಾರಕ್ಕೆ 360. ಕೇಳೋಕೆ ಖುಷಿ ಆಗುತ್ತೆ. ಆದರೆ ಪೋರ್ಟ್‌ಫೋಲಿಯೊ ನೋಡುವವರು 360 ನೋಡಲ್ಲ. ಒಂದು ಹಾಳೆ ತೆಗೆದು, ಈ ಮನುಷ್ಯನ ತೂಕ ಎಲ್ಲಿದೆ ಅಂತ ನೋಡ್ತಾರೆ. ಬೇಜಾರಾದ ದಿನ ಐದೇ ಬರೀರಿ, ಗಮನ ಇಟ್ಟು ಬರೀರಿ.

ಪರದೆಯಿಂದ ಬಸ್ ಸ್ಟ್ಯಾಂಡಿಗೆ

ಫೋಟೊಗೂ ಒಂದು ಮಿತಿ ಇದೆ. ಕ್ಯಾಮೆರಾಗೆ ಒಂದೇ ಕಣ್ಣು. ಆಳವನ್ನೆಲ್ಲ ಚಪ್ಪಟೆ ಮಾಡಿಕೊಟ್ಟಿರುತ್ತೆ. ಮೂರು ಆಯಾಮದ್ದನ್ನು ಎರಡು ಆಯಾಮಕ್ಕೆ ಇಳಿಸೋದೇ ಚಿತ್ರಕಾರನ ಕಷ್ಟದ ಕೆಲಸ, ಅದನ್ನು ಫೋಟೊ ಮೊದಲೇ ಮಾಡಿಬಿಟ್ಟಿದೆ. ಜೊತೆಗೆ ಫೋಟೊದಲ್ಲಿರುವವರು ಅಲುಗಾಡಲ್ಲ. ನಿಜವಾದ ಮನುಷ್ಯ ಉಸಿರಾಡ್ತಾನೆ, ಕಾಲು ಬದಲಿಸ್ತಾನೆ, ತಿರುಗಿ ನಿಮ್ಮನ್ನೇ ನೋಡ್ತಾನೆ.

ಅದಕ್ಕೇ ಸಾಫ್ಟ್‌ವೇರನ್ನು ನೆಟ್ ಪ್ರಾಕ್ಟೀಸ್ ಅಂದುಕೊಳ್ಳಿ, ಪಂದ್ಯ ಇರೋದು ಹೊರಗೆ. ವಾರದಲ್ಲಿ ಒಂದು ದಿನ ಬಸ್ ಸ್ಟ್ಯಾಂಡಿಗೋ ಸಂತೆಗೋ ಹೋಗಿ. ಅಲ್ಲಿ ಟೈಮರ್ ಬೇಕಿಲ್ಲ. ಬಸ್ ಬಂದರೆ ನಿಮ್ಮ ಮಾಡೆಲ್ ಹೊರಟ. ಆದರೆ ಈಗ ನಿಮಗೆ ಗಾಬರಿ ಆಗಲ್ಲ, ಯಾಕಂದ್ರೆ 30 ಸೆಕೆಂಡಿನಲ್ಲಿ ಏನು ಹಿಡಿಯಬೇಕು ಅಂತ ಕಣ್ಣಿಗೆ ಗೊತ್ತಿದೆ. ದೂರ ಕೂತು ಬರೀರಿ. ಯಾರಾದರೂ ‘ಏನ್ ಬರೀತಿದೀರಿ?’ ಅಂತ ಬಂದರೆ ಪುಸ್ತಕ ತೋರಿಸಿ. ಬೇಡ ಅಂದ್ರೆ ಅಲ್ಲಿಗೇ ಬಿಡಿ. ಕೇಳದೆ ಅಪರಿಚಿತರ ಫೋಟೊ ತೆಗೆದು ಇಟ್ಟುಕೊಳ್ಳೋದು ಮಾತ್ರ ಬೇಡ.

ಅಕ್ಕನ ಮಗ ಈಗ ಸಂಜೆ ಹೊತ್ತು ಅಂಗಡಿಯಲ್ಲೇ ಕೂತು ಬರೀತಾನೆ. ಸೀರೆ ಬಿಚ್ಚಿ ತೋರಿಸುವ ಹುಡುಗರು, ಸ್ಟೂಲ್ ಹತ್ತಿ ಮೇಲಿನ ಅರೆಯಿಂದ ಕಟ್ಟು ತೆಗೆಯುವವರು, ದರ ಕೇಳಿ ಹಿಂದಕ್ಕೆ ಸರಿಯುವ ಗಿರಾಕಿಗಳು. ಭಾವನವರು ಒಂದು ದಿನ ಆ ಪುಸ್ತಕ ತಿರುವಿ ಹಾಕಿದರಂತೆ. ಮುಖ ಇಲ್ಲದ, ಏಳೆಂಟು ಗೆರೆಯ ಒಬ್ಬ ಗಿರಾಕಿಯನ್ನು ನೋಡಿ, ‘ಇವರು ತಗೊಳ್ಳೂದಿಲ್ಲ ಬಿಡು, ಬರೇ ಮುಟ್ಟಿ ನೋಡಾಕ ಬಂದಾರ’ ಅಂದರಂತೆ. ಮೂವತ್ತು ವರ್ಷ ಗಲ್ಲಾ ಮೇಲೆ ಕೂತವರ ಕಣ್ಣು ಅದು. ಅವನಿಗೆ ಸೀಟು ಸಿಗುತ್ತೋ ಇಲ್ಲವೋ ನಾನು ಹೇಳಲಾರೆ. ಆದರೆ ಆ ಏಳೆಂಟು ಗೆರೆಯಲ್ಲಿ ವಿಷಯ ದಾಟಿದೆ ಅನ್ನೋದಕ್ಕೆ ಇದಕ್ಕಿಂತ ಪ್ರಮಾಣಪತ್ರ ಬೇಕಿಲ್ಲ.

ನಾಳೆಯಿಂದಲೇ ಶುರು ಮಾಡೋರಿಗೆ

ಕೊನೆಗೆ ಎಲ್ಲವನ್ನೂ ಒಟ್ಟು ಮಾಡಿ ಹೇಳಿಬಿಡ್ತೀನಿ. ಮೊದಲ ವಾರ 30 ಸೆಕೆಂಡು ತೀರಾ ಕಷ್ಟ ಅನ್ನಿಸಿದರೆ ಒಂದು ನಿಮಿಷದಿಂದ ಶುರು ಮಾಡಿ, ನಾಚಿಕೆ ಬೇಡ. ಎರಡನೇ ವಾರ 30ಕ್ಕೆ ಇಳೀರಿ. ಪ್ರತಿ ದಿನ ಒಂದೇ ಗುರಿ ಇರಲಿ. ಸೋಮವಾರ ಉದ್ದ ಬಾಗು ಮಾತ್ರ, ಮಂಗಳವಾರ ತೂಕ ಬಿದ್ದ ಪಾದ ಮಾತ್ರ, ಬುಧವಾರ ಭುಜ-ಸೊಂಟದ ಓರೆ. ಗುರುವಾರ, ಶುಕ್ರವಾರ ಮೂರೂ ಸೇರಿಸಿ. ಶನಿವಾರ ಪುಸ್ತಕ ಹಿಡಿದು ಹೊರಗೆ. ಭಾನುವಾರ ವಾರದ ಹಾಳೆಗಳನ್ನೆಲ್ಲ ಹರಡಿ ನೋಡುವ ದಿನ, ಬರೆಯುವ ದಿನ ಅಲ್ಲ.

ಒಂದು ತಿಂಗಳಾದ ಮೇಲೆ ಮೊದಲ ದಿನದ ಹಾಳೆ, ಕೊನೆ ದಿನದ ಹಾಳೆ ಪಕ್ಕಪಕ್ಕ ಇಟ್ಟು ನೋಡಿ. ಗೆರೆಗಳು ಹೆಚ್ಚಾಗಿವೆಯಾ, ಕಡಿಮೆ ಆಗಿವೆಯಾ ಅಂತ ಎಣಿಸಿ. ಕಡಿಮೆ ಆಗಿದ್ದು, ಮನುಷ್ಯ ಹೆಚ್ಚು ಗಟ್ಟಿಯಾಗಿ ನೆಲದ ಮೇಲೆ ನಿಂತಿದ್ದರೆ ಟೈಮರ್ ತನ್ನ ಕೆಲಸ ಮಾಡಿದೆ ಅಂತ ಅರ್ಥ.

ಮುಂದಿನ ಸಂಚಿಕೆಯಲ್ಲಿ ಇನ್ನೊಂದು ವಿಷಯದ ಜೊತೆ ಸಿಗೋಣ. ಅಲ್ಲಿಯವರೆಗೆ ಕರೆಂಟ್ ಬಿಲ್ಲಿನ ಹಿಂಬದಿ ಖಾಲಿ ಬಿಡಬೇಡಿ.